ಕದ್ದು ಕೇಳೋಕೆ ಹೋದ ಹಡಗು, ಯಾರಿಗೂ ಮುಟ್ಟದ ಕೂಗು: 'ಪ್ವೆಬ್ಲೋ' ಕಥೆ



ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್ಯಾಂಗ್‌ನಲ್ಲಿ ಪೊಟೊಂಗ್ ಅಂತ ಒಂದು ನದಿ ಇದೆ. ಅದರ ದಡದಲ್ಲಿ ಒಂದು ದೊಡ್ಡ ಯುದ್ಧ ವಸ್ತುಸಂಗ್ರಹಾಲಯ. ಅದರ ಪಕ್ಕದ ನೀರಲ್ಲಿ ಒಂದು ಹಳೇ ಹಡಗನ್ನ ಕಟ್ಟಿ ನಿಲ್ಲಿಸಿದ್ದಾರೆ. ಉದ್ದ ಸುಮಾರು 54 ಮೀಟರ್, ಅಂದ್ರೆ ನಮ್ಮ ಎರಡು ರೈಲು ಬೋಗಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಜನ ಟೂರ್ ಬಂದು ಹತ್ತಿ ಇಳೀತಾರೆ. ಗುಂಡು ತಗುಲಿದ ತೂತುಗಳ ಸುತ್ತ ಕೆಂಪು ಬಣ್ಣದಲ್ಲಿ ವೃತ್ತ ಎಳೆದಿದ್ದಾರೆ, ಎಲ್ಲರಿಗೂ ಕಾಣಲಿ ಅಂತ.

ಆ ಹಡಗಿನ ಹೆಸರು ಯುಎಸ್‌ಎಸ್ ಪ್ವೆಬ್ಲೋ. ಅದು ಅಮೆರಿಕದ ನೌಕಾಪಡೆಯ ಹಡಗು. 1968ರ ಜನವರಿಯಲ್ಲಿ ಕೈತಪ್ಪಿ ಹೋದರೂ, ಅಮೆರಿಕ ಅದನ್ನ ತನ್ನ ಲೆಕ್ಕದ ಪುಸ್ತಕದಿಂದ ತೆಗೆದಿಲ್ಲ. ದಾಖಲೆ ಪ್ರಕಾರ ಅದು ಇವತ್ತಿಗೂ ಸೇವೆಯಲ್ಲಿರುವ ಹಡಗು!

ಅಮೆರಿಕದಂಥ ದೇಶ ಒಂದು ಹಡಗನ್ನ ಕಳ್ಕೊಂಡಿದ್ದು ಹೇಗೆ? ಅದೂ ಹಡಗಿನ ಕಡೆಯಿಂದ ಒಂದೇ ಒಂದು ಗುಂಡು ಹಾರದೆ? ಇವತ್ತಿನ ಸಂಚಿಕೆ ಅದರ ಬಗ್ಗೆ. ಗೂಢಚಾರಿಕೆ ಅಂದಕೂಡ್ಲೇ ನಮ್ಮ ಕಣ್ಮುಂದೆ ಬರೋದು ಕೋಟು, ಕಪ್ಪು ಕನ್ನಡಕ, ಸ್ಪೋರ್ಟ್ಸ್ ಕಾರು. ಈ ಕಥೇಲಿ ಅದ್ಯಾವುದೂ ಇಲ್ಲ. ಇಲ್ಲಿರೋದು ಒಂದು ತುಕ್ಕು ಹಿಡಿದ ಸರಕು ಹಡಗು, ಎಂಬತ್ತಮೂರು ಜನ, ಮತ್ತೆ ಒಂದು ಫಾರಂನಲ್ಲಿ ಬರೆದ ಒಂದು ಪದ.

ಕೇಳೋಕೆ ಸಮುದ್ರಕ್ಕೇ ಯಾಕೆ ಹೋಗ್ಬೇಕು?

ಮೊದಲು ಒಂದು ಸಣ್ಣ ವಿಜ್ಞಾನ. ಬೆಂಗಳೂರಿಂದ ಹಾಸನದ ಕಡೆ ಕಾರಲ್ಲಿ ಹೊರಟಾಗ ಗಮನಿಸಿದ್ದೀರಾ? ಊರು ದಾಟಿ ಒಂದಷ್ಟು ದೂರ ಹೋಗ್ತಿದ್ದ ಹಾಗೆ ಎಫ್‌ಎಂ ಸ್ಟೇಷನ್ ಗೊರಗೊರ ಅನ್ನೋಕೆ ಶುರುವಾಗುತ್ತೆ, ಆಮೇಲೆ ಹೋಗೇಬಿಡುತ್ತೆ. ಆದರೆ ಅಜ್ಜನ ಕಾಲದ ರೇಡಿಯೋದಲ್ಲಿ ರಾತ್ರಿ ಹೊತ್ತು ನೂರಾರು ಮೈಲಿ ದೂರದ ಸ್ಟೇಷನ್ ಕೂಡ ಸಿಗ್ತಿತ್ತು. ಕಾರಣ ಇಷ್ಟೇ. ಕೆಲವು ರೇಡಿಯೋ ಅಲೆಗಳು ಮೇಲಿನ ವಾತಾವರಣಕ್ಕೆ ಬಡಿದು ಮತ್ತೆ ಭೂಮಿಗೆ ಬರುತ್ತವೆ, ಹಾಗಾಗಿ ಬಹಳ ದೂರ ಹೋಗುತ್ತವೆ. ಎಫ್‌ಎಂ ಥರದ ಅಲೆಗಳು ಹೆಚ್ಚುಕಮ್ಮಿ ನೇರ ಗೆರೆಯಲ್ಲಿ ಹೋಗುತ್ತವೆ. ಭೂಮಿ ದುಂಡಗಿದೆಯಲ್ಲ, ಅದರ ಬಾಗು ಅಡ್ಡ ಬಂದಕೂಡಲೇ ಮುಗೀತು.

ಸೈನ್ಯದವರು ಹತ್ತಿರದಲ್ಲೇ ಮಾತಾಡೋ ರೇಡಿಯೋಗಳು, ರೇಡಾರ್‌ಗಳು, ಇವೆಲ್ಲ ಬಹುಪಾಲು ಈ ಎರಡನೇ ಜಾತಿಯವು. ಇನ್ನೊಂದು ದೇಶದ ಕರಾವಳಿಯಲ್ಲಿ ಯಾವ ರೇಡಾರ್ ಎಲ್ಲಿದೆ, ಅದರ ಮಿಡಿತ ಹೇಗಿದೆ, ಗಸ್ತು ದೋಣಿಗಳು ಏನು ಮಾತಾಡ್ಕೊಳ್ತವೆ ಅಂತ ತಿಳೀಬೇಕಾದ್ರೆ ಹತ್ತಿರ ಹೋಗಲೇಬೇಕು. ವಿಮಾನ ಕಳಿಸಬಹುದು. ಆದರೆ ವಿಮಾನ ಕೆಲವೇ ಗಂಟೆ ಸುತ್ತಿ ವಾಪಸ್ ಬರಬೇಕು. ಹಡಗಾದರೆ ವಾರಗಟ್ಟಲೆ ಒಂದೇ ಕಡೆ ತೇಲ್ತಾ ಕೂರಬಹುದು.

ಇದನ್ನ ಸೋವಿಯತ್ ಒಕ್ಕೂಟ ದೊಡ್ಡ ಪ್ರಮಾಣದಲ್ಲಿ ಮಾಡ್ತಿತ್ತು. ನೋಡೋಕೆ ಮೀನು ಹಿಡಿಯೋ ಟ್ರಾಲರ್, ಆದರೆ ಮೀನಿನ ಬಲೆಗಿಂತ ಆಂಟೆನಾನೇ ಜಾಸ್ತಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಗುವಾಮ್ ದ್ವೀಪದ ಆಚೆ ಇಂಥದ್ದೊಂದು ನಿಂತಿರ್ತಿತ್ತು. ಅಮೆರಿಕದ ಬಿ-52 ಬಾಂಬರ್‌ಗಳು ಅಲ್ಲಿಂದ ಮೇಲೆದ್ದರೆ ಸಾಕು, ಸುದ್ದಿ ಮುಂದಕ್ಕೆ ಹೋಗ್ತಿತ್ತು. ಅದು ಅಮೆರಿಕಕ್ಕೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿತ್ತು. ಯಾಕೆ ಅಂದ್ರೆ ಅದು ಅಂತರರಾಷ್ಟ್ರೀಯ ನೀರಲ್ಲಿ ನಿಂತಿತ್ತು. ಅಲ್ಲಿಂದ ಕಿವಿಗೊಟ್ಟು ಕೇಳೋದು ಅಪರಾಧ ಅಲ್ಲ. ನಮ್ಮನೆ ಜಗಳ ರಸ್ತೆಗೆ ಕೇಳಿಸಿದರೆ, ರಸ್ತೆಯಲ್ಲಿ ನಿಂತವನ ಮೇಲೆ ಕೇಸು ಹಾಕೋಕಾಗುತ್ತಾ?

ಅಮೆರಿಕವೂ ಅದನ್ನೇ ಮಾಡೋಕೆ ಹೊರಟಿತು. ನೀನು ನನ್ನ ಬಾಗಿಲಲ್ಲಿ ನಿಲ್ಲು, ನಾನು ನಿನ್ನ ಬಾಗಿಲಲ್ಲಿ ನಿಲ್ತೀನಿ, ಒಬ್ಬರನ್ನೊಬ್ಬರು ಮುಟ್ಟೋದು ಬೇಡ. ಇದು ಎಲ್ಲೂ ಬರೆದಿಟ್ಟ ಒಪ್ಪಂದ ಅಲ್ಲ, ರೂಢಿ. ಈ ಹಡಗುಗಳಿಗೆ ಇದ್ದ ರಕ್ಷಾಕವಚ ಅಂದ್ರೆ ಆ ರೂಢಿ ಒಂದೇ. ಈ ಮಾತನ್ನ ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ.

ಎಚ್ಚರಿಕೆಯ ಮೊದಲ ಗಂಟೆ: ಲಿಬರ್ಟಿ

ಪ್ವೆಬ್ಲೋಗೆ ಬರೋ ಮುಂಚೆ ಇನ್ನೊಂದು ಹಡಗಿನ ಬಗ್ಗೆ ಎರಡು ಮಾತು. 1967ರ ಜೂನ್. ಇಸ್ರೇಲ್ ಮತ್ತು ಅರಬ್ ದೇಶಗಳ ನಡುವೆ ಆರು ದಿನದ ಯುದ್ಧ ನಡೀತಿತ್ತು. ಅಮೆರಿಕದ ಯುಎಸ್‌ಎಸ್ ಲಿಬರ್ಟಿ ಅನ್ನೋ ಕೇಳುವ ಹಡಗು ಸಿನಾಯ್ ಕರಾವಳಿಯ ಆಚೆ ನಿಂತಿತ್ತು. ಇದೂ ಎರಡನೇ ಮಹಾಯುದ್ಧ ಕಾಲದ ಸರಕು ಹಡಗೇ. ಪರಿಸ್ಥಿತಿ ಬಿಗಡಾಯಿಸ್ತಿದೆ, ದಡದಿಂದ ದೂರ ಹೋಗಿ ಅಂತ ಮೇಲಿನವರು ಆದೇಶ ಕಳಿಸಿದರು. ಒಂದಲ್ಲ, ಹಲವು ಸಲ. ಆ ಸಂದೇಶಗಳು ದಾರಿ ತಪ್ಪಿ ಎಲ್ಲೆಲ್ಲೋ ಸುತ್ತಿದವು. ಸಮಯಕ್ಕೆ ಹಡಗಿಗೆ ಒಂದೂ ತಲುಪಲಿಲ್ಲ.

ಜೂನ್ 8ರಂದು ಇಸ್ರೇಲಿನ ಯುದ್ಧವಿಮಾನಗಳು, ಆಮೇಲೆ ಟಾರ್ಪೆಡೋ ದೋಣಿಗಳು ಲಿಬರ್ಟಿ ಮೇಲೆ ದಾಳಿ ಮಾಡಿದವು. 34 ಜನ ಸತ್ತರು, 171 ಜನ ಗಾಯಗೊಂಡರು. ಗುರುತು ತಪ್ಪಾಯ್ತು ಅಂತ ಇಸ್ರೇಲ್ ಕ್ಷಮೆ ಕೇಳಿತು, ಪರಿಹಾರವನ್ನೂ ಕೊಟ್ಟಿತು. ಬದುಕುಳಿದವರಲ್ಲಿ ಅನೇಕರು ಆ ಮಾತನ್ನ ಇವತ್ತಿಗೂ ಒಪ್ಪಿಲ್ಲ. ಅದೇ ಒಂದು ಸಂಚಿಕೆಯಾಗುವಷ್ಟು ದೊಡ್ಡ ವಿಷಯ, ಇನ್ನೊಮ್ಮೆ ಮಾತಾಡೋಣ.

ಇವತ್ತಿಗೆ ಬೇಕಾಗಿರೋದು ಇಷ್ಟು. ಒಂಟಿಯಾಗಿ ನಿಂತ ಕೇಳುವ ಹಡಗಿಗೆ ತೊಂದರೆ ಬಂದರೆ ಏನಾಗುತ್ತೆ ಅನ್ನೋದನ್ನ ಅಮೆರಿಕ ಕಣ್ಣಾರೆ ನೋಡಿತ್ತು. ಆಮೇಲೆ ಅದು ಮಾಡಿದ್ದೇನು? ಇಂಥ ಹಡಗುಗಳ ಮೇಲೆ ಒಂದೆರಡು ಮಷೀನ್ ಗನ್ ಕೂರಿಸಿ ಅಂತ ಹೇಳಿತು.

ಸರಕು ಹಡಗಿಗೆ ಹೊಸ ವೇಷ

ಪ್ವೆಬ್ಲೋ ನೀರಿಗಿಳಿದದ್ದು 1944ರಲ್ಲಿ, ಸೈನ್ಯದ ಸಾಮಾನು ಸಾಗಿಸೋ ಸಣ್ಣ ಹಡಗಾಗಿ. ಯುದ್ಧ ಮುಗಿದ ಎಷ್ಟೋ ವರ್ಷದ ಮೇಲೆ, 1966ರಲ್ಲಿ, ನೌಕಾಪಡೆ ಅದನ್ನ ತಗೊಂಡು ರಿಪೇರಿ ಮಾಡಿಸಿತು. ಕೇಳುವ ಉಪಕರಣಗಳಿಗೆ ಒಂದು ಕೋಣೆ ಮಾಡಿದರು, ಮೇಲೆ ಆಂಟೆನಾ ನೆಟ್ಟರು. ಹೊರಗಿನವರಿಗೆ ಹೇಳೋಕೆ ಒಂದು ನೆಪ ಬೇಕಲ್ಲ? ಇದು ಸಮುದ್ರ ಸಂಶೋಧನೆಯ ಹಡಗು ಅಂದರು. ಆ ನೆಪಕ್ಕೆ ತಕ್ಕಂತೆ ಇಬ್ಬರು ನಿಜವಾದ ಸಮುದ್ರ ವಿಜ್ಞಾನಿಗಳೂ ಹಡಗಲ್ಲಿದ್ದರು. ಅವರು ದಿನಾ ನೀರಿನ ಉಷ್ಣತೆ, ಉಪ್ಪಿನಂಶ ಅಳೀತಿದ್ದರು.

ಕ್ಯಾಪ್ಟನ್ ಹೆಸರು ಲಾಯ್ಡ್ ಬೂಕರ್. ನೆಬ್ರಾಸ್ಕಾದ ಬಾಯ್ಸ್ ಟೌನ್ ಅನ್ನೋ ಅನಾಥ ಮಕ್ಕಳ ಆಶ್ರಯದಲ್ಲಿ ಬೆಳೆದವನು, ಜಲಾಂತರ್ಗಾಮಿಯಲ್ಲಿ ಪಳಗಿದವನು. ಈ ಹಡಗು ಅವನಿಗೆ ಸಿಕ್ಕಾಗ ಸಮಸ್ಯೆಗಳ ಪಟ್ಟಿ ಉದ್ದ ಇತ್ತು. ಚುಕ್ಕಾಣಿ ಯಂತ್ರ ಪದೇ ಪದೇ ಕೈಕೊಡ್ತಿತ್ತು. ವೇಗ ಹನ್ನೆರಡು ಹದಿಮೂರು ನಾಟ್, ಅಂದ್ರೆ ನಮ್ಮೂರ ಟ್ರಾಫಿಕ್ಕಲ್ಲಿ ಸ್ಕೂಟರ್ ಹೋಗೋಷ್ಟು. ಇನ್ನು ರಹಸ್ಯ ಕಾಗದ, ಗುಪ್ತಲಿಪಿ ಯಂತ್ರಗಳನ್ನ ತುರ್ತು ಸಮಯದಲ್ಲಿ ನಾಶ ಮಾಡೋಕೆ ಸರಿಯಾದ ವ್ಯವಸ್ಥೆಯೇ ಇರಲಿಲ್ಲ. ಅದಕ್ಕೆ ಸ್ಫೋಟಕ ಕೊಡಿ ಅಂತ ಬೂಕರ್ ಕೇಳಿದ, ಸಿಗಲಿಲ್ಲ. ಕೊನೆಗೆ ಸಿಬ್ಬಂದಿಯ ಮನರಂಜನೆಗೆ ಅಂತ ಇದ್ದ ದುಡ್ಡಲ್ಲಿ ಕಾಗದ ಸುಡೋ ಒಂದು ಸಣ್ಣ ಒಲೆ ಕೊಂಡುಕೊಂಡ. ಆ ಒಲೆಯಲ್ಲಿ ಒಂದು ಸಲಕ್ಕೆ ಸ್ವಲ್ಪ ಸ್ವಲ್ಪ ಕಾಗದ ಮಾತ್ರ ಸುಡಬಹುದಿತ್ತು. ಹಡಗಲ್ಲಿ ಇದ್ದದ್ದು ಚೀಲಗಟ್ಟಲೆ.

'ಅಪಾಯ: ಕನಿಷ್ಠ'

ಈಗ ನಾನು ಆಗಲೇ ಹೇಳಿದ ಆ ಒಂದು ಪದಕ್ಕೆ ಬರೋಣ. ಇಂಥ ಪ್ರತಿಯೊಂದು ಯಾತ್ರೆಗೂ ಮೊದಲು ಅಪಾಯ ಎಷ್ಟು ಅಂತ ಅಧಿಕಾರಿಗಳು ಅಂದಾಜು ಮಾಡ್ತಿದ್ದರು. ಪ್ವೆಬ್ಲೋದ ಮೊದಲ ಯಾತ್ರೆಗೆ ಬರೆದದ್ದು 'ಕನಿಷ್ಠ' ಅಂತ. ಉತ್ತರ ಕೊರಿಯಾದ ಪೂರ್ವ ಕರಾವಳಿಯ ಆಚೆ ನಿಂತು ಕೇಳೋದು, ಆಮೇಲೆ ತ್ಸುಷಿಮಾ ಜಲಸಂಧಿಯಲ್ಲಿ ಸೋವಿಯತ್ ನೌಕೆಗಳ ಮೇಲೆ ಕಣ್ಣಿಡೋದು. ಅಂತರರಾಷ್ಟ್ರೀಯ ನೀರಲ್ಲೇ ಇರ್ತೀವಲ್ಲ, ಏನಾಗುತ್ತೆ? ಅದೇ ಲೆಕ್ಕಾಚಾರ.

ಆದರೆ ಡಿಸೆಂಬರ್ ಕೊನೆಯಲ್ಲಿ ಒಂದು ಎಚ್ಚರಿಕೆ ಬಂದಿತ್ತು. ಅದೂ ಯಾರಿಂದ? ರಾಷ್ಟ್ರೀಯ ಭದ್ರತಾ ಸಂಸ್ಥೆ ಎನ್‌ಎಸ್‌ಎಯಿಂದ. ಇಡೀ ದೇಶಕ್ಕೆ ಇಂಥ ಸಂಕೇತಗಳನ್ನ ಕೇಳೋದೇ ಅವರ ಕಸುಬು. ಉತ್ತರ ಕೊರಿಯಾ ಇತ್ತೀಚೆಗೆ ಸಮುದ್ರದಲ್ಲೂ ಆಕಾಶದಲ್ಲೂ ಬಹಳ ಮುಂಗೋಪಿಯಾಗಿದೆ, ಹಡಗಿಗೆ ರಕ್ಷಣೆ ಬೇಕಾ ಅಂತ ಒಮ್ಮೆ ಯೋಚಿಸಿ ಅನ್ನೋ ಅರ್ಥದ ಸಂದೇಶ ಅದು. ಸಂದೇಶ ಕಚೇರಿಯಿಂದ ಕಚೇರಿಗೆ ಹೋಯ್ತು. 'ಕನಿಷ್ಠ' ಅನ್ನೋದು ಮಾತ್ರ ಬದಲಾಗಲಿಲ್ಲ. ಬೂಕರ್‌ಗೆ ಆ ಸಂದೇಶ ತಲುಪಲೇ ಇಲ್ಲ.

ಜನವರಿ 11, 1968. ಜಪಾನಿನ ಸಸೆಬೋ ಬಂದರಿಂದ ಪ್ವೆಬ್ಲೋ ಹೊರಟಿತು. ಕೊರೆಯೋ ಚಳಿ. ಡೆಕ್ ಮೇಲೆ ಮಂಜು ಗಟ್ಟಿ, ಅದನ್ನ ಒಡೆದು ತೆಗೆಯೋದೇ ಒಂದು ಕೆಲಸ. ಎರಡು ಮಷೀನ್ ಗನ್ನಿಗೆ ಟರ್ಪಾಲ್ ಹೊದಿಸಿದ್ದರು, ಅದೂ ಮಂಜಲ್ಲಿ ಸೆಟೆದು ನಿಂತಿತ್ತು. ಗುಂಡುಗಳು ಕೆಳಗಿನ ಕೋಣೆಯಲ್ಲಿದ್ದವು.

ಜನವರಿ 21. ಉತ್ತರ ಕೊರಿಯಾದ 31 ಕಮಾಂಡೋಗಳು ಕದ್ದು ಗಡಿ ದಾಟಿ, ದಕ್ಷಿಣ ಕೊರಿಯಾದ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಅವರನ್ನ ಕೊಲ್ಲೋಕೆ ಸೋಲ್‌ನ ಅಧ್ಯಕ್ಷರ ಭವನದ ಹತ್ತಿರದವರೆಗೆ ಬಂದುಬಿಟ್ಟರು. ಗುಂಡಿನ ಕಾಳಗ ಆಯ್ತು. ಇಡೀ ಪರ್ಯಾಯ ದ್ವೀಪ ಹೊತ್ತಿ ಉರಿಯೋ ಹಂತಕ್ಕೆ ಬಂತು. ಅದೇ ಹೊತ್ತಲ್ಲಿ, ಅದೇ ಉತ್ತರ ಕೊರಿಯಾದ ತೀರದಾಚೆ ಪ್ವೆಬ್ಲೋ ತೇಲ್ತಾ ಇತ್ತು. ಯಾರಾದ್ರೂ ಅವರಿಗೆ ಈ ಸುದ್ದಿ ತಿಳಿಸಿದರಾ? ಇಲ್ಲ.

ಎಲ್ಲರ ಮಾತನ್ನೂ ಕೇಳಿಸಿಕೊಳ್ಳೋಕೆ ಅಂತ ಕಳಿಸಿದ ಹಡಗಿಗೆ, ಅದಕ್ಕೇ ಬೇಕಾಗಿದ್ದ ಮಾತನ್ನ ಯಾರೂ ಹೇಳಲಿಲ್ಲ.

ಜನವರಿ 23

ಹಿಂದಿನ ದಿನವೇ ಎರಡು ಉತ್ತರ ಕೊರಿಯಾದ ಟ್ರಾಲರ್‌ಗಳು ತೀರಾ ಹತ್ತಿರ ಬಂದು, ಮುಖ ನೋಡ್ಕೊಂಡು ಹೋಗಿದ್ದವು. 23ರ ಮಧ್ಯಾಹ್ನ ಒಂದು ಗಸ್ತು ನೌಕೆ ವೇಗವಾಗಿ ಬಂತು. ಯಾವ ದೇಶದ ಹಡಗು ಅಂತ ಕೇಳಿತು. ಪ್ವೆಬ್ಲೋ ಅಮೆರಿಕದ ಬಾವುಟ ಏರಿಸಿತು. ನಿಲ್ಲಿ, ಇಲ್ಲದಿದ್ದರೆ ಗುಂಡು ಹಾರಿಸ್ತೀವಿ ಅಂತ ಸಂಕೇತ ಬಂತು. ನಾನು ಅಂತರರಾಷ್ಟ್ರೀಯ ನೀರಲ್ಲಿದ್ದೀನಿ ಅಂತ ಬೂಕರ್ ಉತ್ತರ ಕೊಟ್ಟ.

ಅವನಿಗೆ ಇದು ಹೊಸದಲ್ಲ ಅನ್ನಿಸಿರಬೇಕು. ಪ್ವೆಬ್ಲೋದ ಜೊತೆಗಾರ ಹಡಗು ಬ್ಯಾನರ್‌ಗೆ ಸೋವಿಯತ್ ನೌಕೆಗಳು ಹೀಗೇ ಕಾಟ ಕೊಡ್ತಿದ್ದವು. ಹತ್ತಿರ ಬರೋದು, ಹೆದರಿಸೋದು, ಹೋಗೋದು. ಆಟದ ನಿಯಮ ಇಬ್ಬರಿಗೂ ಗೊತ್ತಿತ್ತು. ಆದರೆ ಆ ರೂಢಿ ಇದ್ದದ್ದು ಅಮೆರಿಕ ಮತ್ತು ಸೋವಿಯತ್ ನಡುವೆ. ಉತ್ತರ ಕೊರಿಯಾಕ್ಕೆ ಅಮೆರಿಕದ ತೀರದಲ್ಲಿ ನಿಲ್ಲಿಸೋಕೆ ಯಾವ ಕೇಳುವ ಹಡಗೂ ಇರಲಿಲ್ಲ. ಕಳ್ಕೊಳ್ಳೋಕೆ ಏನೂ ಇಲ್ಲದವನು ಆ ನಿಯಮ ಯಾಕೆ ಪಾಲಿಸ್ತಾನೆ? ನನ್ನ ಪ್ರಕಾರ ಇಡೀ ಕಥೆಯ ಗಂಟು ಇಲ್ಲೇ ಇದೆ. ವಾಷಿಂಗ್ಟನ್‌ನಲ್ಲಿ ಕೂತವರು ಒಬ್ಬ ಎದುರಾಳಿ ಜೊತೆಗಿನ ರೂಢಿಯನ್ನ ಇನ್ನೊಬ್ಬ ಎದುರಾಳಿಯ ಬಾಗಿಲಿಗೆ ತಗೊಂಡು ಹೋಗಿ, ಅಲ್ಲೂ ಅದು ನಡೆಯುತ್ತೆ ಅಂದುಕೊಂಡರು.

ನೋಡ್ತಾ ನೋಡ್ತಾ ನಾಲ್ಕು ಟಾರ್ಪೆಡೋ ದೋಣಿಗಳು ಸುತ್ತುವರಿದವು. ಮೇಲೆ ಮಿಗ್ ವಿಮಾನಗಳು ಹಾದುಹೋದವು. ಬೂಕರ್ ಹಡಗನ್ನ ಆಳ ಸಮುದ್ರದ ಕಡೆ ತಿರುಗಿಸಿದ. ಸ್ಕೂಟರ್ ವೇಗದ ಹಡಗು ಎಲ್ಲಿಗೆ ತಪ್ಪಿಸ್ಕೊಳ್ಳುತ್ತೆ? ಗಸ್ತು ನೌಕೆಯ 57 ಮಿಲಿಮೀಟರ್ ಫಿರಂಗಿ ಗುಡುಗಿತು, ಟಾರ್ಪೆಡೋ ದೋಣಿಗಳ ಮಷೀನ್ ಗನ್ನುಗಳೂ ಜೊತೆಗೆ. ಬೂಕರ್‌ಗೂ ಚೂರುಗಳು ತಗುಲಿದವು.

ತಿರುಗಿ ಗುಂಡು ಹಾರಿಸಬಹುದಿತ್ತಲ್ಲ ಅಂತ ಆಮೇಲೆ ಎಷ್ಟೋ ಜನ ಕೇಳಿದರು. ಟರ್ಪಾಲ್ ಬಿಡಿಸಿ, ಕೆಳಗಿಂದ ಗುಂಡು ತಂದು, ಯಾವ ಮರೆಯೂ ಇಲ್ಲದ ಡೆಕ್ ಮೇಲೆ ನಿಂತು ಎರಡು ಮಷೀನ್ ಗನ್ನಿಂದ ಫಿರಂಗಿ ಎದುರಿಸಬೇಕಿತ್ತು. ಹೋದವರು ವಾಪಸ್ ಬರ್ತಿರಲಿಲ್ಲ ಅನ್ನೋದು ಬೂಕರ್ ಲೆಕ್ಕ.

ಒಳಗೆ ಬೇರೆಯದೇ ಯುದ್ಧ. ಸುತ್ತಿಗೆ, ಕೊಡಲಿ ತಗೊಂಡು ಗುಪ್ತಲಿಪಿ ಯಂತ್ರಗಳನ್ನ ಒಡೀತಿದ್ದಾರೆ. ಗಟ್ಟಿ ಲೋಹ, ಸುಲಭಕ್ಕೆ ಒಡೆಯಲ್ಲ. ಕಾಗದಕ್ಕೆ ಬೆಂಕಿ ಹಾಕಿ, ಹೊಗೆಯಲ್ಲಿ ಉಸಿರು ಕಟ್ಟಿ, ಉಳಿದದ್ದನ್ನ ಸಮುದ್ರಕ್ಕೆ ಎಸೆಯೋಕೆ ಓಡ್ತಿದ್ದಾರೆ. ಸಮಯ ಸಿಗಲಿ ಅಂತ ಬೂಕರ್ ಅವರ ಹಿಂದೆ ಹೋಗೋ ಹಾಗೆ ಮಾಡಿ, ನಡುವೆ ಹಡಗನ್ನ ನಿಲ್ಲಿಸಿಬಿಟ್ಟ. ತಕ್ಷಣ ಮತ್ತೆ ಗುಂಡು. ಕಾಗದ ನಾಶ ಮಾಡೋ ಕೆಲಸದಲ್ಲಿದ್ದ ಡ್ವೇನ್ ಹಾಡ್ಜಸ್ ಅನ್ನೋ ನಾವಿಕನಿಗೆ ತಗುಲಿತು. ಅವನು ಉಳಿಯಲಿಲ್ಲ. ಸ್ವಲ್ಪ ಹೊತ್ತಲ್ಲಿ ಉತ್ತರ ಕೊರಿಯಾದ ಸೈನಿಕರು ಹಡಗು ಹತ್ತಿದರು. ನಾಶವಾಗದೆ ಉಳಿದ ಕಾಗದ, ಯಂತ್ರಗಳ ದೊಡ್ಡ ರಾಶಿ ಅವರ ಪಾಲಾಯ್ತು.

ಯಾರೂ ಯಾಕೆ ಬರಲಿಲ್ಲ?

ಇಷ್ಟೆಲ್ಲ ಆಗೋವಾಗ ಹಡಗಿನ ಟೆಲಿಟೈಪ್ ಜಪಾನಿನ ಕಾಮಿಸೆಯಾ ಕೇಂದ್ರದ ಜೊತೆ ಸಂಪರ್ಕದಲ್ಲಿತ್ತು. ಸಹಾಯ ಕಳಿಸಿ ಅಂತ ಮತ್ತೆ ಮತ್ತೆ ಕೇಳಿದರು. ನಿಮ್ಮ ಭಾಷೇಲಿ ಹೇಳೋದಾದ್ರೆ, ಮೆಸೇಜ್ ಹೋಗ್ತಿತ್ತು, ಆ ಕಡೆಯವರು ಓದ್ತಾನೂ ಇದ್ರು. ಆದರೆ ಬರೋರು ಯಾರೂ ಇಲ್ಲ.

ಯುಎಸ್‌ಎಸ್ ಎಂಟರ್‌ಪ್ರೈಸ್ ಅನ್ನೋ ದೈತ್ಯ ವಿಮಾನವಾಹಕ ಸುಮಾರು 500 ನಾಟಿಕಲ್ ಮೈಲಿ ದೂರದಲ್ಲಿತ್ತು. ಅಲ್ಲಿಂದ ವಿಮಾನ ಏಳಲಿಲ್ಲ. ದಕ್ಷಿಣ ಕೊರಿಯಾದಲ್ಲೇ ಅಮೆರಿಕದ ಕೆಲವು ಯುದ್ಧವಿಮಾನಗಳಿದ್ದವು, ಆದರೆ ಅವನ್ನ ಅಣುಬಾಂಬ್ ಹೊರೋಕೆ ಸಜ್ಜು ಮಾಡಿಟ್ಟಿದ್ದರು. ಅಣುಬಾಂಬ್ ಹಿಡ್ಕೊಂಡು ಒಂದು ಗಸ್ತು ದೋಣಿ ಓಡಿಸೋಕಾಗುತ್ತಾ? ಓಕಿನಾವಾದಿಂದ ಹೊರಟ ವಿಮಾನಗಳು ಇಂಧನಕ್ಕೆ ಅಂತ ಕೊರಿಯಾದಲ್ಲಿ ಇಳಿಯೋ ಹೊತ್ತಿಗೆ ಕತ್ತಲಾಗಿತ್ತು. ಪ್ವೆಬ್ಲೋ ಆಗಲೇ ವೊನ್ಸಾನ್ ಬಂದರಿನ ಪಾಲಾಗಿತ್ತು. ಅಪಾಯ 'ಕನಿಷ್ಠ' ಅಂತ ಬರೆದ ಮೇಲೆ, ಕಾವಲಿಗೆ ಅಂತ ಯಾರನ್ನೂ ಸಿದ್ಧ ಇಡೋ ಅಗತ್ಯ ಯಾರಿಗೂ ಕಂಡಿರಲಿಲ್ಲ. ಆ ಒಂದು ಪದದ ಬೆಲೆ ಇದು.

ಹಡಗು ನಿಜಕ್ಕೂ ಎಲ್ಲಿತ್ತು? ದಡದಿಂದಲೂ ಹತ್ತಿರದ ದ್ವೀಪದಿಂದಲೂ 12 ನಾಟಿಕಲ್ ಮೈಲಿ, ಅಂದ್ರೆ ಸುಮಾರು 22 ಕಿಲೋಮೀಟರ್ ಆಚೆಗೇ ಇತ್ತು ಅಂತ ಅಮೆರಿಕ ಹೇಳುತ್ತೆ. ನಮ್ಮ ನೀರೊಳಗೆ ನುಗ್ಗಿತ್ತು ಅಂತ ಉತ್ತರ ಕೊರಿಯಾ ಹೇಳುತ್ತೆ. ಯಾರ ಸಮುದ್ರ ಎಲ್ಲಿವರೆಗೆ ಅನ್ನೋದಕ್ಕೆ ಆಗ ಜಗತ್ತಿಗೆಲ್ಲ ಒಂದೇ ಅಳತೆಯೂ ಇರಲಿಲ್ಲ. ಅಮೆರಿಕ ಅಧಿಕೃತವಾಗಿ ಒಪ್ಪುತ್ತಿದ್ದದ್ದು 3 ಮೈಲಿ. 12 ಮೈಲಿಯ ಮಿತಿ ಎಲ್ಲರ ನಿಯಮವಾಗಿ ಗಟ್ಟಿಯಾದದ್ದು 1982ರ ಸಮುದ್ರ ಕಾನೂನು ಒಪ್ಪಂದದಲ್ಲಿ.

ಹನ್ನೊಂದು ತಿಂಗಳು

82 ಜನ ಸೆರೆಯಾದರು. ಹೊಡೆತ, ಚಳಿ, ಅರೆಹೊಟ್ಟೆ. ನಾವು ಗೂಢಚಾರರು, ನಿಮ್ಮ ನೀರಿಗೆ ನುಗ್ಗಿದೆವು ಅಂತ ಬರೆದು ಸಹಿ ಹಾಕು ಅಂತ ಬೂಕರ್‌ಗೆ ಒತ್ತಾಯ. ಅವನನ್ನ ಮಂಡಿಯೂರಿಸಿ ತಲೆಗೆ ಪಿಸ್ತೂಲಿಟ್ಟು, ಗುಂಡಿಲ್ಲದೆ ಕುದುರೆ ಎಳೆದರು. ಅವನು ಬಗ್ಗಲಿಲ್ಲ. ಆಗ ಬೇರೆ ದಾರಿ ಹಿಡಿದರು. ನಿನ್ನ ಹುಡುಗರನ್ನ ಒಬ್ಬೊಬ್ಬರಾಗಿ ನಿನ್ನ ಕಣ್ಣೆದುರೇ ಕೊಲ್ತೀವಿ, ಅತ್ಯಂತ ಚಿಕ್ಕವನಿಂದ ಶುರು ಅಂದರು. ಬೂಕರ್ ಸಹಿ ಹಾಕಿದ.

ಆದರೆ ಸೆರೆಯಲ್ಲಿದ್ದವರು ಸುಮ್ಮನೆ ಕೂರಲಿಲ್ಲ. ಚೆನ್ನಾಗಿದ್ದಾರೆ ಅಂತ ಜಗತ್ತಿಗೆ ತೋರಿಸೋಕೆ ಉತ್ತರ ಕೊರಿಯಾ ಅವರ ಫೋಟೋ ತೆಗೀತಿತ್ತಲ್ಲ, ಆ ಫೋಟೋಗಳಲ್ಲಿ ಕೆಲವರು ಮಧ್ಯದ ಬೆರಳು ತೋರಿಸಿದರು. ಇದೇನು ಅಂತ ಕಾವಲಿನವರು ಕೇಳಿದರೆ, ಇದು ಹವಾಯಿಯಲ್ಲಿ ಶುಭವಾಗಲಿ ಅನ್ನೋ ಸಂಕೇತ ಸಾರ್ ಅಂದರು! ತಿಂಗಳುಗಟ್ಟಲೆ ಅದು ನಡೀತು. ಬೂಕರ್ ತಪ್ಪೊಪ್ಪಿಗೆ ಓದೋವಾಗಲೂ ಹೊಗಳೋದು ಅನ್ನೋ ಅರ್ಥದ 'ಪೀಯನ್' ಅನ್ನೋ ಇಂಗ್ಲಿಷ್ ಪದ ಆರಿಸಿಕೊಂಡ. ಕಿವಿಗೆ ಅದು ಮೂತ್ರ ಮಾಡೋ ಮಾತಿನ ಥರ ಕೇಳಿಸುತ್ತೆ. ಕಾವಲಿನವರು ನಿಘಂಟು ನೋಡಿ ಖುಷಿಪಟ್ಟರು.

ಅಕ್ಟೋಬರ್‌ನಲ್ಲಿ ಟೈಮ್ ಪತ್ರಿಕೆ ಅಂಥದ್ದೊಂದು ಫೋಟೋ ಹಾಕಿ, ಆ ಬೆರಳಿನ ಅರ್ಥವನ್ನ ಬಿಡಿಸಿ ಬರೆದುಬಿಟ್ಟಿತು. ಅದು ಪ್ಯೊಂಗ್ಯಾಂಗ್‌ಗೂ ತಲುಪಿತು. ಡಿಸೆಂಬರ್‌ನಲ್ಲಿ ಸುಮಾರು ಒಂದು ವಾರ ಹಗಲೂ ರಾತ್ರಿ ಹೊಡೆದರು. ಆ ದಿನಗಳನ್ನ ಸಿಬ್ಬಂದಿ 'ನರಕದ ವಾರ' ಅಂತ ಕರೆದರು. ಇವತ್ತು ಒಂದು ಫೋಟೋಗೆ ಕ್ಯಾಪ್ಷನ್ ಹಾಕಿ ಶೇರ್ ಮಾಡೋ ಮೊದಲು ನನಗೆ ಈ ಘಟನೆ ನೆನಪಾಗುತ್ತೆ. ನಮಗೆ ತಮಾಷೆಯಾಗಿ ಕಾಣೋದು ಇನ್ನೆಲ್ಲೋ ಯಾರದೋ ಬೆನ್ನ ಮೇಲೆ ಬೀಳಬಹುದು.

ಆ ಕಡೆ ಅಮೆರಿಕದಲ್ಲಿ ಜನ ಪ್ವೆಬ್ಲೋವನ್ನ ಮರೀತಾ ಬಂದಿದ್ದರು. ಹಡಗು ಸೆರೆಯಾದ ಒಂದು ವಾರಕ್ಕೇ ವಿಯೆಟ್ನಾಂನಲ್ಲಿ ಟೆಟ್ ದಾಳಿ ಶುರುವಾಗಿ, ಪತ್ರಿಕೆಗಳ ಮುಖಪುಟ ಅದರ ಪಾಲಾಗಿತ್ತು. ಬೂಕರ್ ಪತ್ನಿ ರೋಸ್ ಊರೂರು ಸುತ್ತಿ, 'ಪ್ವೆಬ್ಲೋ ನೆನಪಿರಲಿ' ಅನ್ನೋ ಅಭಿಯಾನಕ್ಕೆ ದನಿಯಾದಳು. ಜನ ಆ ಘೋಷಣೆಯ ಸ್ಟಿಕ್ಕರ್‌ಗಳನ್ನ ಕಾರುಗಳಿಗೆ ಅಂಟಿಸಿದರು.

ಕೊನೆಗೆ ಬಿಡುಗಡೆ ಆದದ್ದು ವಿಚಿತ್ರ ರೀತಿಯಲ್ಲಿ. ತಪ್ಪೊಪ್ಪಿಗೆ ಪತ್ರಕ್ಕೆ ಅಮೆರಿಕ ಸಹಿ ಹಾಕಲೇಬೇಕು ಅಂತ ಉತ್ತರ ಕೊರಿಯಾದ ಹಟ. ಮೇಜರ್ ಜನರಲ್ ಗಿಲ್ಬರ್ಟ್ ವುಡ್‌ವರ್ಡ್ ಪನ್ಮುಂಜೋಮ್‌ನಲ್ಲಿ ಕೂತು, ಈ ಪತ್ರದಲ್ಲಿ ಬರೆದದ್ದು ನಿಜವಲ್ಲ, ಬರೀ ನಮ್ಮವರನ್ನ ಬಿಡಿಸೋಕೆ ಸಹಿ ಹಾಕ್ತಿದ್ದೀನಿ ಅಂತ ಮೊದಲು ಬಾಯಲ್ಲಿ ಹೇಳಿದರು, ಆಮೇಲೆ ಸಹಿ ಹಾಕಿದರು. ಉತ್ತರ ಕೊರಿಯಾಕ್ಕೆ ಕಾಗದ ಸಿಕ್ಕಿತು, ಅಮೆರಿಕಕ್ಕೆ ಜನ ಸಿಕ್ಕರು. ಡಿಸೆಂಬರ್ 23, 1968. 82 ಜನ ಸೇತುವೆ ದಾಟಿ ಬಂದರು. ಹಾಡ್ಜಸ್ ದೇಹವನ್ನೂ ಅವರ ಜೊತೆ ಕಳಿಸಿದರು. ಹಡಗು ಅಲ್ಲೇ ಉಳೀತು.

ಆ ಸೇತುವೆಗೆ 'ಮರಳಿ ಬಾರದ ಸೇತುವೆ' ಅಂತ ಹೆಸರು. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ ಯುದ್ಧಕೈದಿಗಳು ದಾಟಿದ್ದೂ ಇಲ್ಲೇ. ಆಗ ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂದ ಕೈದಿಗಳನ್ನ ನೋಡಿಕೊಂಡ ತಟಸ್ಥ ದೇಶಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಆ ಗಡಿಯ ಇತಿಹಾಸದಲ್ಲಿ ನಮ್ಮವರ ಹೆಜ್ಜೆಯೂ ಇದೆ.

ಮನೆಗೆ ಬಂದ ಮೇಲೆ

ಕಥೆ ಇಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ. ಬೂಕರ್ ಮನೆಗೆ ಬಂದಕೂಡಲೇ ನೌಕಾಪಡೆ ವಿಚಾರಣೆ ಶುರುಮಾಡಿತು. ಹೋರಾಡದೆ ಹಡಗು ಒಪ್ಪಿಸಿದ್ದು ಯಾಕೆ? ರಹಸ್ಯಗಳನ್ನ ನಾಶ ಮಾಡಲಿಲ್ಲ ಯಾಕೆ? ಬೂಕರ್ ಮತ್ತು ಕೇಳುವ ವಿಭಾಗದ ಅಧಿಕಾರಿ ಸ್ಟೀವ್ ಹ್ಯಾರಿಸ್ ಇಬ್ಬರನ್ನೂ ಸೇನಾ ನ್ಯಾಯಾಲಯಕ್ಕೆ ಒಪ್ಪಿಸಿ ಅಂತ ಶಿಫಾರಸು ಆಯ್ತು. 1969ರ ಮೇನಲ್ಲಿ ನೌಕಾ ಕಾರ್ಯದರ್ಶಿ ಜಾನ್ ಚೇಫಿ ಅದನ್ನ ತಳ್ಳಿಹಾಕಿದರು. ಇವರು ಸಾಕಷ್ಟು ನೋವುಂಡಿದ್ದಾರೆ ಅನ್ನೋದು ಅವರ ಮಾತಿನ ಸಾರ. ಯುದ್ಧಕೈದಿಗಳ ಪದಕ ಸಿಗೋಕೆ ಸಿಬ್ಬಂದಿ 1990ರವರೆಗೆ ಕಾಯಬೇಕಾಯ್ತು. ಯಾಕೆ ಗೊತ್ತಾ? ಉತ್ತರ ಕೊರಿಯಾ ಜೊತೆ ಆಗ ಯುದ್ಧ ನಡೀತಿರಲಿಲ್ಲವಲ್ಲ, ಹಾಗಾಗಿ ನೀವು ಯುದ್ಧಕೈದಿಗಳಲ್ಲ, ಬರೀ ತಡೆಹಿಡಿಯಲ್ಪಟ್ಟವರು ಅಂತ!

ಇನ್ನು ಗುಪ್ತಲಿಪಿ ಯಂತ್ರಗಳು. ಅವು ಸೋವಿಯತ್ ಪರಿಣತರ ಕೈ ಸೇರಿದವು ಅನ್ನೋದು ತಜ್ಞರ ಸಾಮಾನ್ಯ ಅಭಿಪ್ರಾಯ. ಆಗ ಅಮೆರಿಕದವರು ಸಮಾಧಾನ ಹೇಳಿಕೊಂಡರು: ಬೀಗ ಹೋದರೇನು, ಬೀಗದಕೈ ನಮ್ಮ ಹತ್ತಿರ ಇದೆಯಲ್ಲ, ದಿನದಿನಕ್ಕೆ ಬದಲಾಗೋ ಸಂಕೇತಪಟ್ಟಿ ಇಲ್ಲದೆ ಯಂತ್ರ ತಗೊಂಡು ಏನು ಮಾಡ್ತಾರೆ? ಅವರಿಗೆ ಗೊತ್ತಿಲ್ಲದ ವಿಷಯ ಒಂದಿತ್ತು. ಸರಿಸುಮಾರು ಅದೇ ಸಮಯಕ್ಕೆ ಜಾನ್ ವಾಕರ್ ಅನ್ನೋ ಅಮೆರಿಕದ ನೌಕಾಪಡೆಯವನೇ ವಾಷಿಂಗ್ಟನ್‌ನ ಸೋವಿಯತ್ ರಾಯಭಾರ ಕಚೇರಿಗೆ ನಡೆದುಹೋಗಿ, ಆ ಪಟ್ಟಿಗಳನ್ನ ದುಡ್ಡಿಗೆ ಮಾರೋಕೆ ಶುರುಮಾಡಿದ್ದ. ಅವನು ಸಿಕ್ಕಿಬಿದ್ದದ್ದು 1985ರಲ್ಲಿ. ಅಲ್ಲಿಯವರೆಗೂ ಬೀಗವೂ ಬೀಗದಕೈಯೂ ಒಂದೇ ಕಡೆ ಇದ್ದವು.

ಪ್ವೆಬ್ಲೋ ಥರದ ಒಂಟಿ, ನಿಧಾನದ, ರಕ್ಷಣೆಯಿಲ್ಲದ ಹಡಗುಗಳನ್ನ ಅಮೆರಿಕ ಒಂದೆರಡು ವರ್ಷದಲ್ಲೇ ಸೇವೆಯಿಂದ ತೆಗೆಯಿತು. ಆದರೆ ಪಾಠ ಪೂರ್ತಿ ತಲೆಗೆ ಹತ್ತಿತಾ? 1969ರ ಏಪ್ರಿಲ್ 15ರಂದು ಅದೇ ಸಮುದ್ರದ ಮೇಲೆ ಅಮೆರಿಕದ ಒಂದು ಕೇಳುವ ವಿಮಾನವನ್ನ ಉತ್ತರ ಕೊರಿಯಾ ಹೊಡೆದುರುಳಿಸಿತು. ಅದರಲ್ಲಿದ್ದ 31 ಜನರೂ ಸತ್ತರು.

ಇವತ್ತು ನಮಗೇನು?

ಕೇಳುವ, ನೋಡುವ ಹಡಗುಗಳ ಕಾಲ ಮುಗಿದಿಲ್ಲ. 2022ರ ಆಗಸ್ಟ್‌ನಲ್ಲಿ ಚೀನಾದ ಯುವಾನ್ ವಾಂಗ್ 5 ಶ್ರೀಲಂಕಾದ ಹಂಬನ್‌ತೋಟ ಬಂದರಿಗೆ ಬಂದಾಗ ನಮ್ಮ ನ್ಯೂಸ್ ಚಾನೆಲ್‌ಗಳು ಎಷ್ಟು ಗದ್ದಲ ಮಾಡಿದವು ನೆನಪಿದೆಯಾ? ಸಂಶೋಧನೆಗೆ ಬಂದಿದೆ ಅಂತ ಚೀನಾ ಹೇಳಿತು. ಉಪಗ್ರಹ, ಕ್ಷಿಪಣಿ ಎರಡನ್ನೂ ಹಿಂಬಾಲಿಸಬಲ್ಲ ಹಡಗು ಅನ್ನೋದು ಭಾರತದ ಆತಂಕ. ನಮ್ಮಲ್ಲೂ ಕ್ಷಿಪಣಿಗಳ ಹಾದಿ ಗಮನಿಸೋ ಐಎನ್‌ಎಸ್ ಧ್ರುವ್ ಇದೆ. 2021ರ ಸೆಪ್ಟೆಂಬರ್‌ನಲ್ಲಿ ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿತು. ಇವು ಪ್ವೆಬ್ಲೋಗಿಂತ ಎಷ್ಟೋ ಪಟ್ಟು ದೊಡ್ಡವು, ಕೆಲಸವೂ ಬೇರೆ. ಆದರೆ ಎಲ್ಲರ ಸಮುದ್ರದಲ್ಲಿ ನಿಂತು ಇನ್ನೊಬ್ಬರನ್ನ ಗಮನಿಸೋದು, ಅವರು ಸಹಿಸ್ಕೊಳ್ತಾರೆ ಅಂತ ನಂಬೋದು, ಅದು ಮಾತ್ರ ಹಾಗೇ ಇದೆ.

ಹಾಗಾಗಿ ಇಂಥ ಸುದ್ದಿ ಬಂದಾಗ ನಾನು ಕೇಳೋ ಪ್ರಶ್ನೆ ಹಡಗಿನ ಮೇಲೆ ಎಷ್ಟು ಆಂಟೆನಾ ಇದೆ ಅಂತ ಅಲ್ಲ. ಎದುರಿನವನಿಗೆ ಈ ರೂಢಿ ಪಾಲಿಸೋದ್ರಿಂದ ಏನು ಲಾಭ, ಮತ್ತೆ ಅವನು ಪಾಲಿಸದಿದ್ದರೆ ಆ ಹಡಗಲ್ಲಿರೋರ ಕೂಗಿಗೆ ಓಗೊಡೋರು ಯಾರು ಅಂತ. 1968ರಲ್ಲಿ ಈ ಎರಡು ಪ್ರಶ್ನೆ ಕೇಳಿದ್ದರೆ ಫಾರಂನಲ್ಲಿ ಬೇರೆ ಪದ ಇರ್ತಿತ್ತು.

ಬೂಕರ್ 2004ರಲ್ಲಿ ತೀರಿಕೊಂಡ. 2021ರಲ್ಲಿ ಅಮೆರಿಕದ ಒಂದು ನ್ಯಾಯಾಲಯ ಪ್ವೆಬ್ಲೋ ಸಿಬ್ಬಂದಿ ಮತ್ತು ಕುಟುಂಬಗಳಿಗೆ ಉತ್ತರ ಕೊರಿಯಾ 230 ಕೋಟಿ ಡಾಲರ್ ಕೊಡಬೇಕು ಅಂತ ತೀರ್ಪು ಕೊಟ್ಟಿತು. ಪ್ಯೊಂಗ್ಯಾಂಗ್‌ನಿಂದ ವಸೂಲಿ ಮಾಡೋದು ಹೇಗೆ ಅನ್ನೋದು ನಿಮಗೇ ಬಿಟ್ಟದ್ದು.

ಇವತ್ತಿಗೆ ಇಷ್ಟು. ಲಿಬರ್ಟಿ ಬಗ್ಗೆ ಪೂರ್ತಿ ಸಂಚಿಕೆ ಬೇಕು ಅನ್ನಿಸಿದ್ರೆ ಬರೆದು ತಿಳಿಸಿ. ಇತಿಹಾಸ ಇಷ್ಟಪಡೋ ಒಬ್ಬ ಗೆಳೆಯನಿಗೋ ಗೆಳತಿಗೋ ಈ ಸಂಚಿಕೆ ಕಳಿಸಿ.